ದಿನಕ್ಕೊಂದು ಬಟ್ಟಲು ಸೊಪ್ಪು

ಮೇ ೧೧, ಭಾನುವಾರ

ಇಲಾಖೆಯವರು ಜನವರಿಯಲ್ಲಿ ಹಂಚಿದ ಡೈರಿ ಇದು. ನಾಲ್ಕು ತಿಂಗಳು ಖಾಲಿ ಬಿದ್ದಿತ್ತು. ಬರೆದಿಡುವಂಥದ್ದೇನೂ ನನ್ನ ಬದುಕಿನಲ್ಲಿ ಇರಲಿಲ್ಲ, ಇರಬೇಕೆಂದು ಅನ್ನಿಸಿಯೂ ಇರಲಿಲ್ಲ. ಈಗ ಬರೆಯುವುದೇಕೆಂದರೆ ಯಾರ ಮೇಲಾದರೂ ರೇಗಬೇಕು, ಮನೆಯಲ್ಲಿ ರೇಗುವ ಹಾಗಿಲ್ಲ. ಹೆಂಡತಿ ಹಂಸಾಗೆ ಗಾಬರಿಯಾಗುವಂಥ ಏನೂ ಆಗಬಾರದು ಎಂದು ಡಾಕ್ಟರು ಹೇಳಿದ್ದಾರೆ.

ಅವಳು ಆಸ್ಪತ್ರೆಯಿಂದ ಬಂದು ಇಂದಿಗೆ ಒಂಬತ್ತು ದಿನ. ಎದೆ ತೆರೆದು, ಹೃದಯದ ಕೆಟ್ಟ ಕವಾಟ ತೆಗೆದು, ಲೋಹದ್ದೊಂದನ್ನು ಕೂರಿಸಿದ್ದಾರೆ. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ಬದುಕಿರುವಷ್ಟು ಕಾಲ ದಿನವೂ ಒಂದು ಮಾತ್ರೆ. ಮಾತ್ರೆಯ ಬಲ ಕಡಿಮೆಯಾದರೆ ರಕ್ತ ಗಟ್ಟಿಯಾಗುತ್ತದೆ, ಹೆಚ್ಚಾದರೆ ಎಲ್ಲಿಂದ ಬೇಕಾದರೂ ಸೋರುತ್ತದೆ. ಎರಡೂ ಪ್ರಾಣಕ್ಕೆ ಕುತ್ತು. ಈ ಮಾತ್ರೆಯ ಮಹಾವೈರಿ ಯಾರು ಎಂದರೆ ಹಸಿರು ಸೊಪ್ಪು. ಸೊಪ್ಪು ಜಾಸ್ತಿ ತಿಂದರೆ ಮಾತ್ರೆಯ ಬಲ ಇಳಿಯುತ್ತದೆ, ಬಿಟ್ಟರೆ ಏರುತ್ತದೆ.

ಹಾಗಾದರೆ ಸೊಪ್ಪನ್ನು ಬಿಟ್ಟೇಬಿಡೋಣ ಎಂದೆ. ಡಾಕ್ಟರು ತಲೆಯಾಡಿಸಿದರು. ಬಿಡುವುದೂ ಬೇಡ, ಹೆಚ್ಚಿಸುವುದೂ ಬೇಡ, ಮೊದಲಿಂದ ಎಷ್ಟು ತಿನ್ನುತ್ತಿದ್ದರೋ ದಿನವೂ ಅಷ್ಟೇ ತಿನ್ನಲಿ, ಅದಕ್ಕೆ ಸರಿಯಾಗಿ ಮಾತ್ರೆ ಕೊಡುತ್ತೇನೆ ಎಂದರು. "ಕಿತ್ನಾ ಖಾತೀ ಹೈ?" ಎಂದು ಕೇಳಿದರು. ಹಂಸಾ ಹಾಸಿಗೆಯಲ್ಲಿ ಒರಗಿದ್ದಳು. ನಾನೇ ಹೇಳಿದೆ, ದಿನಕ್ಕೆ ಒಂದು ಕಟೋರಿ, ತುಂಬಿದ ಒಂದು ಬಟ್ಟಲು. ನಮ್ಮ ಮನೆಯಲ್ಲಿ ಸೊಪ್ಪಿಲ್ಲದ ಊಟವೇ ಇಲ್ಲವಲ್ಲ. ಅವರು ಬರೆದುಕೊಂಡರು.

ಹೀಗೆ ಐವತ್ತಾರನೆಯ ವಯಸ್ಸಿನಲ್ಲಿ, ಭಾರತ ಸರ್ಕಾರದ ಅಧೀನ ಕಾರ್ಯದರ್ಶಿಯಾದ ನಾನು, ಗುರುರಾಜ, ಅಡುಗೆಮನೆಗೆ ಬಂದಿದ್ದೇನೆ. ಅಡುಗೆಗೆಂದು ಗೊತ್ತು ಮಾಡಿದ ಹೆಂಗಸು ನಾಲ್ಕನೆಯ ದಿನಕ್ಕೇ ಎಲ್ಲದಕ್ಕೂ ಬೆಳ್ಳುಳ್ಳಿ ಒಗ್ಗರಣೆ ಹಾಕತೊಡಗಿದಳು, ಬಿಡಿಸಬೇಕಾಯಿತು. ಮಗಳು ಸಿಂಧೂರ ಗುರುಗ್ರಾಮದ ಆಫೀಸಿಗೆ ಏಳೂವರೆಗೆ ಮೆಟ್ರೋ ಹತ್ತಿದರೆ ಬರುವುದು ಕತ್ತಲಾದ ಮೇಲೆ. ಉಳಿದವನು ನಾನು.

ಗ್ಯಾಸ್ ಹೊತ್ತಿಸಲು ಬಂತು. ಅಷ್ಟು ಇಂದಿನ ಪ್ರಗತಿ.

ಮೇ ೧೩, ಮಂಗಳವಾರ

ಸೊಪ್ಪು ತಿನ್ನುವುದು ಇಷ್ಟು ಸುಲಭ, ಮಾಡುವುದು ಇಷ್ಟು ತಾಪತ್ರಯ ಎಂದು ಮೂವತ್ತೊಂದು ವರ್ಷದ ಸಂಸಾರದಲ್ಲಿ ಯಾರೂ ನನಗೆ ಹೇಳಲಿಲ್ಲ.

ಬೆಳಿಗ್ಗೆ ಕೆಳಗೆ ಬಂದ ತರಕಾರಿ ಗಾಡಿಯಲ್ಲಿ ಚೌಲಾಯಿ ಇತ್ತು, ನಮ್ಮ ದಂಟಿನ ಸೊಪ್ಪು. ಎರಡು ಕಟ್ಟು ತಂದೆ. ಒಂದು ಸಲ ತೊಳೆದೆ, ಮಣ್ಣು. ಎರಡು ಸಲ, ಮಣ್ಣು. ಐದನೆಯ ಸಲಕ್ಕೆ ನೀರು ತಿಳಿಯಾಯಿತು, ಅಷ್ಟರಲ್ಲಿ ಟ್ಯಾಂಕಿನ ನೀರು ಖಾಲಿ. ಬೇಯಿಸಿದ ಮೇಲೆ ಆ ಬೆಟ್ಟದಂಥ ರಾಶಿ ಒಂದು ಹಿಡಿಯಾಯಿತು. ಬಟ್ಟಲಿನ ಅರ್ಧಕ್ಕೂ ಬರಲಿಲ್ಲ. ಮತ್ತೆ ಕೆಳಗೆ ಓಡಿದೆ.

ಹಂಸಾ ಸೋಫಾದಿಂದ ಹೇಳುತ್ತಾಳೆ, "ಎಳೇದು ನೋಡಿ ತರಬೇಕಿತ್ತು ರೀ. ದಂಟು ಮುರಿದ್ರೆ ಪಟ್ ಅನ್ಬೇಕು."

ಪಟ್ ಅನ್ನುತ್ತದೋ ಇಲ್ಲವೋ ಎಂದು ಪ್ರತಿಯೊಂದನ್ನೂ ಮುರಿದು ನೋಡಿದರೆ ಗಾಡಿಯ ಭಯ್ಯಾ ಸುಮ್ಮನಿರುತ್ತಾನೆಯೇ? ಆಫೀಸಿಗೆ ಹೋಗುವಾಗ ಉಗುರಿನ ಸಂದಿಯಲ್ಲಿ ಹಸಿರು ಹಾಗೇ ಇತ್ತು. ಜಂಟಿ ಕಾರ್ಯದರ್ಶಿಗಳು ಕಡತ ಕೊಡುವಾಗ ನೋಡಿದರು.

ಮೇ ೧೯, ಸೋಮವಾರ

ಸಿಂಧೂರ ಒಂದು ಪುಟ್ಟ ತಕ್ಕಡಿ ತರಿಸಿದ್ದಾಳೆ. ಬೇಯಿಸಿದ ಸೊಪ್ಪು ನೂರಿಪ್ಪತ್ತು ಗ್ರಾಂ, ನಮ್ಮ ಸ್ಟೀಲ್ ಬಟ್ಟಲಿಗೆ ಸರಿಯಾಗಿ ಕೊರಳುಮಟ್ಟ. ದಿನದಿನದ ತೂಕವನ್ನೂ ಬೇರೊಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಈ ವಿಷಯದಲ್ಲಿ ಗೊಂದಲ ಇರಕೂಡದು.

ಐದೂವರೆಗೆ ಏಳುತ್ತೇನೆ. ಸೋಸಿ, ತೊಳೆದು, ಹೆಚ್ಚಿ, ಬೇಯಿಸಿ, ತೂಗಿ, ಮುಚ್ಚಿಟ್ಟು ಎಂಟೂವರೆಗೆ ಹೊರಡುತ್ತೇನೆ. ಮಧ್ಯಾಹ್ನ ಅವಳು ಬಿಸಿ ಮಾಡಿಕೊಂಡು ಉಣ್ಣುತ್ತಾಳೆ. ಸಂಜೆ ಬಂದು ನೋಡಿದರೆ ಬಟ್ಟಲು ಖಾಲಿ. "ಹೇಗಿತ್ತು?" ಎಂದರೆ "ಚೆನ್ನಾಗಿತ್ತು" ಎನ್ನುತ್ತಾಳೆ. ಮೊದಲ ದಿನ ಸೀದುಹೋದದ್ದಕ್ಕೂ ಚೆನ್ನಾಗಿತ್ತು ಎಂದಳು. ಈ ಹೆಂಗಸರಿಂದ ಒಂದು ಸರಿಯಾದ ಅಭಿಪ್ರಾಯ ಪಡೆಯುವುದಕ್ಕಿಂತ ಹಣಕಾಸು ಇಲಾಖೆಯ ಒಪ್ಪಿಗೆ ಪಡೆಯುವುದು ಸುಲಭ.

ಮೇ ೨೪, ಶನಿವಾರ

ನಲವತ್ತನಾಲ್ಕು ಡಿಗ್ರಿ. ಪಾಲಕ್ ಎಲ್ಲ ಬಾಡಿ ಚಿಂದಿ. ಒಲೆಯ ಮುಂದೆ ನಿಂತು ಮೈ ನೀರಾಯಿತು. ಬೇರೇನೂ ಬರೆಯುವುದಿಲ್ಲ.

ಜೂನ್ ೭, ಶನಿವಾರ

ಇಂದು ರತ್ನಪ್ರಭಾ ಬಂದಿದ್ದರು. ನಮ್ಮ ಸೊಸೈಟಿಯಲ್ಲಿ ಕನ್ನಡದವರು ನಾಲ್ಕು ಮನೆ, ನಾಲ್ಕೂ ಮನೆಯ ಆರೋಗ್ಯ ಇಲಾಖೆ ಇವರದು. ಸೊಪ್ಪು ಕಂಡೊಡನೆ ಹೌಹಾರಿದರು.

"ಅಯ್ಯೋ, ಸೊಪ್ಪು ಕೊಡ್ತಿದೀರಾ? ನಮ್ಮ ಭಾವನವರಿಗೆ ಇದೇ ಮಾತ್ರೆ. ಸೊಪ್ಪು ಮುಟ್ಟೋದೇ ಇಲ್ಲ ಅವರು. ಇವತ್ತೇ ನಿಲ್ಸಿ ಗುರುರಾಜ್."

"ನಿಲ್ಸಬಾರದು, ಒಂದೇ ಸಮ ಇರಬೇಕು ಅಂತ ಡಾಕ್ಟರು ಹೇಳಿದಾರೆ."

"ಡಾಕ್ಟರಿಗೇನು ಗೊತ್ತು, ಅವರು ದಾಲ್ ಮಖನಿ ತಿನ್ನೋ ಜನ."

ನಾನು ಕಾಫಿ ಮಾಡಲು ಎದ್ದುಹೋದೆ. ಒಳಗಿನಿಂದ ಕೇಳಿಸಿತು, ಹಂಸಾ ತುಂಬ ಆಸೆಯಿಂದ ಕೇಳುತ್ತಿದ್ದಳು, "ಪೂರ್ತಿ ನಿಲ್ಸಿದಾರಾ ಅವರು? ಏನೂ ಆಗ್ಲಿಲ್ವಾ?" ಹೊರಗೆ ಬಂದು ಆ ಮಾತನ್ನು ಅಲ್ಲಿಗೇ ಕತ್ತರಿಸಿದೆ. ಇಂಥ ವಿಷಯದಲ್ಲಿ ಸಲುಗೆ ಕೊಡಬಾರದು.

ಜೂನ್ ೧೮, ಬುಧವಾರ

ರಕ್ತಪರೀಕ್ಷೆ. ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಸಂಖ್ಯೆ ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕು. ಬಂದದ್ದು ಒಂದು ಪಾಯಿಂಟ್ ಏಳು. ರಕ್ತ ಗಟ್ಟಿಯಾಗುತ್ತಿದೆ.

"ಸಾಗ್ ಝ್ಯಾದಾ ತೋ ನಹೀ ಹೋ ಗಯಾ?" ಎಂದು, ಸೊಪ್ಪು ಹೆಚ್ಚಾಗಿಲ್ಲ ತಾನೇ ಎಂಬಂತೆ, ಡಾಕ್ಟರು ನನ್ನ ಮುಖ ನೋಡಿದರು. ನಾನು ಪುಸ್ತಕ ತೆಗೆದು ತೋರಿಸಿದೆ. ದಿನಕ್ಕೆ ನೂರಿಪ್ಪತ್ತು ಗ್ರಾಂ, ಮೊದಲು ತಿನ್ನುತ್ತಿದ್ದಷ್ಟೇ, ಒಂದು ಗ್ರಾಂ ಆಚೆ ಈಚೆ ಇಲ್ಲ. ಅವರು ಪುಟ ತಿರುವಿ ಮೆಚ್ಚಿದರು. ರೋಗಿಯನ್ನು ನೋಡಿಕೊಳ್ಳಲು ಇಂಥ ಅಟೆಂಡೆಂಟ್ ಸಿಗುವುದು ಅಪರೂಪ ಎಂದರು. ನನ್ನನ್ನು ಯಾರಾದರೂ ಹೊಗಳಿ ಬಹಳ ದಿನವಾಗಿತ್ತು. ಮಾತ್ರೆಯ ಪ್ರಮಾಣ ಏರಿಸಿದರು.

ಬರುವಾಗ ಹಂಸಾ ಕಾರಿನಲ್ಲಿ ಏನೋ ಹೇಳಲು ಹೊರಟಳು. "ರೀ, ಅದೂ..." ಎಂದಳು. ಅಷ್ಟರಲ್ಲಿ ಒಬ್ಬ ಸ್ಕೂಟರಿನವನು ಅಡ್ಡ ಬಂದ. ಅವನಿಗೆ ಬೈದು ಮುಗಿಸಿ ಏನು ಎಂದು ಕೇಳಿದರೆ, ಏನೂ ಇಲ್ಲ ಎಂದಳು.

ಜೂನ್ ೨೬, ಗುರುವಾರ

ಗಾಡಿಯವನ ಜೊತೆ ಜಗಳ. ಯಮುನೆಯ ದಂಡೆಯಲ್ಲಿ ಬೆಳೆದ ಪಾಲಕ್ ಬೇಡ ಎಂದು ನೂರು ಸಲ ಹೇಳಿದ್ದೇನೆ. ಆ ನೀರು ನೋಡಿದವರಾರೂ ಆ ಸೊಪ್ಪು ತಿನ್ನುವುದಿಲ್ಲ. ಇದು ಸೋನಿಪತ್‌ನದು ಎಂದ. ಸೋನಿಪತ್‌ನ ಸೊಪ್ಪಿನ ಬೇರಿಗೆ ಬೂದುಬಣ್ಣದ ಮರಳು ಎಲ್ಲಿಂದ ಬಂತು, ಅಲ್ಲಿಯದು ಗಟ್ಟಿ ಜೇಡಿ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಾಬೂಜೀ, ಆಪ್ ಖೇತೀ ಕರ್ತೇ ಥೇ ಕ್ಯಾ?" ಎಂದ. ಬೇಸಾಯಗಾರನಂತೆ ಕಾಣುತ್ತೇನೆಯೇ ನಾನು? ಮೆಂತ್ಯದಲ್ಲಿ ದುಂಡನೆಯ ಸಣ್ಣ ಎಲೆಯದು ಕಹಿ ಕಡಿಮೆ ಎಂದೂ ಅವನಿಗೇ ಹೇಳಿಕೊಡಬೇಕಾಯಿತು.

ಜುಲೈ ೫, ಶನಿವಾರ

ನಾಳೆ ಪ್ರಥಮೈಕಾದಶಿ. ಅಲ್ಲಿಂದ ಚಾತುರ್ಮಾಸ್ಯ, ಮೊದಲ ತಿಂಗಳು ಶಾಕವ್ರತ. ನಮ್ಮಂಥ ಮಾಧ್ವರ ಮನೆಯಲ್ಲಿ ಒಂದು ತಿಂಗಳು ತರಕಾರಿ ಇಲ್ಲ, ಸೊಪ್ಪು ಇಲ್ಲ. ಹೆಸರುಬೇಳೆ, ಮೆಣಸು, ಜೀರಿಗೆ, ಮಾವಿನಕಾಯಿ, ಅಷ್ಟರಲ್ಲೇ ಊಟ. ನನ್ನ ತಾಯಿ ಇದ್ದಾಗಿನಿಂದ ದೆಹಲಿಯಲ್ಲೂ ಒಂದು ವರ್ಷ ತಪ್ಪಿಸಿಲ್ಲ. ಇದರಲ್ಲಿ ಹಂಸಾಳ ಶ್ರದ್ಧೆ ನನಗಿಂತ ಹೆಚ್ಚು. ಏಕಾದಶಿ ಇನ್ನೂ ಹತ್ತು ದಿನ ಇರುವಾಗಲೇ ಪಂಚಾಂಗ ನೋಡಿ ನೆನಪಿಸುವವಳು ಅವಳು.

ಆದರೆ ಈ ವರ್ಷ ಅವಳು ಸೊಪ್ಪು ಬಿಟ್ಟರೆ ಮಾತ್ರೆಯ ಬಲ ಏರಿ ಅನಾಹುತ. ಇದನ್ನು ನಾನು ಮೊದಲೇ ಯೋಚಿಸಿದ್ದೆ. ಮಠಕ್ಕೆ ಫೋನ್ ಮಾಡಿ ಆಚಾರ್ಯರನ್ನು ಕೇಳಿದೆ. "ರೋಗಿಗಳಿಗೆ ವ್ರತವಿಲ್ಲ, ಔಷಧಿ ಅಂತ ತಗೊಳ್ಳಲಿ, ದೋಷವಿಲ್ಲ" ಎಂದರು. ಮನೆಯಲ್ಲಿ ಆದೇಶ ಹೊರಡಿಸಿದೆ: ವ್ರತ ನನಗೆ ಮಾತ್ರ, ಹಂಸಾಗೆ ಪೂರ್ಣ ವಿನಾಯಿತಿ, ಸೊಪ್ಪು ಎಂದಿನಂತೆ ಬೇಯುತ್ತದೆ.

"ಬೇಡ ರೀ, ಈ ಒಂದು ತಿಂಗಳು..." ಎಂದಳು.

"ದೇವರಿಗೆ ನಿನ್ನ ಪ್ರಾಣ ಬೇಕಾಗಿಲ್ಲ. ನಾನು ಆಚಾರ್ಯರನ್ನ ಕೇಳಿದೀನಿ."

"ಆಯ್ತು" ಎಂದಳು. ಮುಖ ಸಣ್ಣದಾಯಿತು. ಎಂಥ ಭಕ್ತಿ ಇವಳದು ಎಂದು ನನಗೇ ಸಂಕಟವಾಯಿತು.

ಜುಲೈ ೧೪, ಸೋಮವಾರ

ನಾನು ತಿನ್ನದ ವಸ್ತುವನ್ನು ಬೆಳಿಗ್ಗೆ ಐದೂವರೆಗೆ ಎದ್ದು ಬೇಯಿಸುತ್ತಿದ್ದೇನೆ. ವ್ರತದಲ್ಲಿರುವುದರಿಂದ ರುಚಿ ನೋಡುವ ಹಾಗಿಲ್ಲ, ಉಪ್ಪು ಕೈಯಂದಾಜು. ಮಳೆಗಾಲದ ಸೊಪ್ಪಿನಲ್ಲಿ ಎಲೆಗೊಂದು ಹುಳ. ಕನ್ನಡಕ ಹಾಕಿಕೊಂಡು ಒಂದೊಂದೇ ಎಲೆ ತಿರುಗಿಸಿ ನೋಡಬೇಕು. ಆಫೀಸಿನಲ್ಲಿ ನನ್ನ ಡಬ್ಬಿ ತೆರೆದರೆ ಬೇಳೆ, ಮಾರನೆಯ ದಿನ ಬೇಳೆ. "ಗುರುರಾಜ್‌ಜೀ ಕೋ ಭೀ ಡಾಕ್ಟರ್ ನೇ ಪಕಡ್ ಲಿಯಾ" ಎಂದು, ನಾನೂ ಡಾಕ್ಟರ ಕೈಗೆ ಸಿಕ್ಕಿದೆನೆಂದು, ಎಲ್ಲರೂ ನಗುತ್ತಾರೆ.

ಆದರೂ ಹೇಳಲೇಬೇಕು, ಸಂಜೆ ಬಂದಾಗ ಆ ಬಟ್ಟಲು ತೊಳೆದು ಬೋರಲು ಹಾಕಿರುವುದನ್ನು ನೋಡಿದರೆ ಸಮಾಧಾನ. ಒಂದು ಕೆಲಸವಾದರೂ ನಾನು ಹೇಳಿದಂತೆ ನಡೆಯುತ್ತಿದೆ.

ಜುಲೈ ೨೧, ಸೋಮವಾರ

ಬೆಳಿಗ್ಗೆ ಆರಕ್ಕೆ ಸಿಂಧೂರ ಕೂಗಿದಳು. ಹಂಸಾಳ ದಿಂಬು ತುಂಬ ರಕ್ತ. ಮೂಗಿನಿಂದ ಸುರಿಯುತ್ತಿತ್ತು, ನಿಲ್ಲಲಿಲ್ಲ. ವಸಡಿನಿಂದಲೂ.

ಆಸ್ಪತ್ರೆಗೆ ಸೇರಿಸಿದೆವು. ಸಂಖ್ಯೆ ಏಳು ಪಾಯಿಂಟ್ ನಾಲ್ಕು.

ಜುಲೈ ೨೨, ಮಂಗಳವಾರ

ರಕ್ತ ನಿಂತಿದೆ. ಮಾತ್ರೆಯ ಬಲ ಇಳಿಸುವ, ಸೊಪ್ಪಿನಲ್ಲಿರುವ ಸತ್ವವನ್ನೇ ಸೂಜಿಯಲ್ಲಿ ಕೊಟ್ಟಿದ್ದಾರೆ. ರಕ್ತ ತಲೆಯೊಳಗೆ ಸೋರಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರು ಬಿಡಿಸಿ ಹೇಳಿದರು. ಕೇಳಿಸಿಕೊಳ್ಳಲು ಕಷ್ಟವಾಯಿತು.

ಊಟದಲ್ಲಿ ಏನಾದರೂ ಬದಲಾಯಿತೇ ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಕೇಳಿದರು. ನನ್ನ ಕೈಯಾರೆ ಬೇಯಿಸುತ್ತೇನೆ, ತೂಗುತ್ತೇನೆ, ಬರೆಯುತ್ತೇನೆ, ಬದಲಾಗಲು ಸಾಧ್ಯವೇ ಇಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ. ಹಾಗಾದರೆ ಮಾತ್ರೆಯಲ್ಲಿ ತಪ್ಪಾಗಿದೆ ಎಂದರು.

ವಾರದ ಏಳು ಗೂಡಿನ ಡಬ್ಬಿಗೆ ಮಾತ್ರೆ ತುಂಬುವವಳು ಸಿಂಧೂರ. ವರಾಂಡದಲ್ಲಿ ಅವಳನ್ನು ಹಿಡಿದು ಕೇಳಿದೆ.

"ಫೋನ್ ನೋಡ್ಕೊಂಡು ಎರಡೆರಡು ಹಾಕಿದೀಯ ನೀನು."

"ನಹೀ ಅಪ್ಪಾ! ಮೈನೇ ಗಿನ್ ಕೆ ರಖೀ ಥೀ, ಎಣಿಸೇ ಇಟ್ಟಿದ್ದೆ. ಪ್ರಾಮಿಸ್. ಸ್ಟ್ರಿಪ್ ತೋರಿಸ್ತೀನಿ ಬನ್ನಿ."

"ಮತ್ತೆ ರಕ್ತ ಹೇಗೆ ಬಂತು? ನಿನ್ನಮ್ಮನ ಪ್ರಾಣ ಹೋಗ್ತಿತ್ತು, ಗೊತ್ತಾ?"

ಅವಳು ಅತ್ತಳು. ಅಳುತ್ತಲೇ, "ಅಮ್ಮ ನಿಜವಾಗ್ಲೂ ಸೊಪ್ಪು ತಿಂತಾಳಾ ಅಂತ ನೀವು ಚೆಕ್ ಮಾಡಿದೀರಾ? ನಾನಂತೂ ಯಾವತ್ತೂ ನೋಡಿಲ್ಲ" ಎಂದಳು. ತಪ್ಪು ಮುಚ್ಚಿಕೊಳ್ಳಲು ಈ ಕಾಲದ ಮಕ್ಕಳು ಏನು ಬೇಕಾದರೂ ಹೇಳುತ್ತಾರೆ.

ಜುಲೈ ೨೪, ಗುರುವಾರ

ಬಟ್ಟೆ ತರಲು ಮನೆಗೆ ಬಂದಿದ್ದೆ. ಪಾತ್ರೆ ತಿಕ್ಕುವ ಹೆಂಗಸು ಅಡುಗೆಮನೆಯಲ್ಲಿ ಇಣುಕಿ, "ಸಾಬ್, ಆಜ್ ಭೀ ಸಾಗ್ ನಹೀ ಬನಾಯಾ?" ಎಂದಳು. ಸೊಪ್ಪು ಮಾಡದಿದ್ದರೆ ನಿನಗೇನು ಎಂದೆ. ಅವಳು ಸಂಕೋಚವಿಲ್ಲದೆ ಹೇಳಿದಳು: ಮೇಮ್‌ಸಾಬ್ ಎರಡು ವಾರದಿಂದ ದಿನವೂ ಸೊಪ್ಪಿನ ಬಟ್ಟಲು ಅವಳಿಗೇ ಕೊಡುತ್ತಿದ್ದಾರೆ. ಮಕ್ಕಳು ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತವೆ. ತುಂಬ ಚೆನ್ನಾಗಿ ಮಾಡುತ್ತೀರಿ ಸಾಬ್, ಬಸ್, ನಮಕ್ ಥೋಡಾ ಕಮ್, ಉಪ್ಪು ಸ್ವಲ್ಪ ಕಡಿಮೆ.

ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ಎರಡು ವಾರ. ಅಂದರೆ ದ್ವಾದಶಿಯಿಂದ.

ವ್ರತ! ಆಚಾರ್ಯರು ಬೇಡವೆಂದರೂ, ನಾನು ಬೇಡವೆಂದರೂ, ಡಾಕ್ಟರು ಏರಿಸಿದ ಮಾತ್ರೆಯನ್ನು ನುಂಗಿ ಸೊಪ್ಪನ್ನು ಪಾತ್ರೆ ತಿಕ್ಕುವವಳಿಗೆ ಕೊಟ್ಟು ಕುಳಿತಿದ್ದಾಳೆ. ನಾನು ಎಲೆ ಎಲೆ ತಿರುಗಿಸಿ ಹುಳ ಹುಡುಕಿದ್ದು ಅವಳ ಮಕ್ಕಳಿಗೆ. ತಿನ್ನಲಿ, ಬೇಡವೆನ್ನುವುದಿಲ್ಲ. ಆದರೆ ಹಂಸಾ ಸತ್ತಿದ್ದರೆ? ಇಷ್ಟು ಸಿಟ್ಟು ನನಗೆ ಯಾವತ್ತೂ ಬಂದಿಲ್ಲ. ಇಷ್ಟು ಹೆದರಿಕೆಯೂ.

ಸಿಂಧೂರಳಿಗೆ ಫೋನ್ ಮಾಡಿದೆ. "ತಪ್ಪು ನಿನ್ನದಲ್ಲ" ಎಂದೆ. "ಓಕೆ ಅಪ್ಪಾ, ಮೀಟಿಂಗ್ ಇದೆ" ಎಂದಳು.

ಜುಲೈ ೨೫, ಶುಕ್ರವಾರ

ಮನೆಗೆ ಕಳಿಸುವ ಕಾಗದಪತ್ರಕ್ಕೆ ಕಾಯುತ್ತ ವಾರ್ಡಿನಲ್ಲಿ ಇಬ್ಬರೇ ಇದ್ದೆವು. ಗಾಬರಿ ಮಾಡಬಾರದು ಎನ್ನುವುದು ನೆನಪಿತ್ತು, ಆದರೂ ತಡೆಯಲಾಗಲಿಲ್ಲ.

"ವ್ರತಕ್ಕೋಸ್ಕರ ಪ್ರಾಣ ಕಳ್ಕೋತೀಯಾ ನೀನು? ಆಚಾರ್ಯರೇ ಬೇಡ ಅಂದ್ರಲ್ಲ? ಅವರಿಗಿಂತ ನಿಂದು ಹೆಚ್ಚಾಯ್ತಾ ಮಡಿ?"

ಅವಳು ಕಿಟಕಿ ನೋಡುತ್ತಿದ್ದಳು. "ವ್ರತಕ್ಕಲ್ಲ ರೀ" ಎಂದಳು.

"ಮತ್ತೆ?"

"ನನಗೆ ಸೊಪ್ಪು ಸೇರಲ್ಲ."

ನನಗೆ ಅರ್ಥವಾಗಲಿಲ್ಲ. ಯಾವಾಗಿಂದ ಎಂದು ಕೇಳಿದೆ, ಆಪರೇಷನ್ ಆದಮೇಲೆ ಬಾಯಿ ಕೆಟ್ಟಿದೆಯೇನೋ ಎಂದುಕೊಂಡು.

"ಚಿಕ್ಕೋಳಿದ್ದಾಗಿಂದ. ಬಾಯಿಗಿಟ್ರೆ ಹುಲ್ಲು ತಿಂದ ಹಾಗಾಗತ್ತೆ."

"ಏನು ಮಾತಾಡ್ತೀಯ? ಮೂವತ್ತೊಂದು ವರ್ಷ ದಿನಾ ಸೊಪ್ಪು ಮಾಡಿದೀಯಲ್ಲ?"

"ಮಾಡಿದೀನಿ. ನಿಮಗಿಷ್ಟ, ಅತ್ತೆಗಿಷ್ಟ ಇತ್ತು, ನಮ್ಮ ಪುಟ್ಟಿ ಸಿಂಧೂರಗೂ ಇಷ್ಟ. ನೀವೆಲ್ಲ ಉಂಡು ಎದ್ದು ನಾನು ಕೂರೋ ಹೊತ್ತಿಗೆ ಪಾತ್ರೆ ಬಳಿದಿರೋದು. ಒಳ್ಳೇದೇ ಆಯ್ತು ಅಂತ ಸಾರನ್ನ, ಮೊಸರನ್ನ ತಿಂದು ಏಳ್ತಿದ್ದೆ."

ನಾನು ಅವಳ ಊಟವನ್ನು ನೆನೆಸಿಕೊಳ್ಳಲು ನೋಡಿದೆ. ಅವಳು ಬಡಿಸುವುದು ನೆನಪಿದೆ, ಎಲ್ಲ ಕೋನದಿಂದಲೂ ನೆನಪಿದೆ. ಉಣ್ಣುವುದು ನೆನಪಿಗೆ ಬರಲೇ ಇಲ್ಲ. ಅವಳ ತಟ್ಟೆಯಲ್ಲಿ ಏನಿರುತ್ತಿತ್ತು ಎಂದು ನಾನು ನೋಡಿಯೇ ಇಲ್ಲ. ಡಾಕ್ಟರು ಕೇಳಿದಾಗ ನಾನು ಹೇಳಿದ ಒಂದು ಕಟೋರಿ ನಾನು ತಿನ್ನುತ್ತಿದ್ದ ಕಟೋರಿ.

"ಅವತ್ತೇ ಹೇಳ್ಬಾರದಾಗಿತ್ತಾ ಡಾಕ್ಟರ ಮುಂದೆ?"

"ನೀವು ಅಷ್ಟು ಧೈರ್ಯವಾಗಿ ಹೇಳ್ಬಿಟ್ರಿ. ಎದುರಿಗೆ ಸುಳ್ಳು ಅಂತ ಹೇಗನ್ಲಿ? ಆಮೇಲೆ ನೀವು ಐದೂವರೆಗೆ ಎದ್ದು, ಬೆವರು ಒರೆಸ್ಕೊಂಡು ಮಾಡಿಡೋರು. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಎರಡು ತಿಂಗಳು ಕಣ್ಮುಚ್ಕೊಂಡು ನುಂಗಿದೆ. ಆಷಾಢ ಬಂದ್ರೆ ಸಾಕಪ್ಪಾ ಅಂತಿದ್ದೆ, ನೀವು ಅದಕ್ಕೂ ವಿನಾಯಿತಿ ತಂದ್ರಿ."

ಅವಳು ನಕ್ಕಳು. ಎದೆಯ ಹೊಲಿಗೆಯ ಜಾಗಕ್ಕೆ ಕೈ ಒತ್ತಿಕೊಂಡು ನಕ್ಕಳು.

"ವರ್ಷಕ್ಕೆ ಅದೊಂದೇ ತಿಂಗಳು ರೀ ನನಗೆ. ಸೋಸೋದಿಲ್ಲ, ತೊಳೆಯೋದಿಲ್ಲ, ಹೆಚ್ಚೋದಿಲ್ಲ. ಮಧ್ಯಾಹ್ನ ಕಾಲು ಚಾಚ್ಕೊಂಡು ಮಲಗ್ತಿದ್ದೆ. ಪಂಚಾಂಗ ಯಾಕೆ ನೋಡ್ತಿದ್ದೆ ಅಂದ್ಕೊಂಡ್ರಿ? ನೀವೆಲ್ಲ ಭಕ್ತಿ ಅಂದ್ಕೊಂಡಿದ್ರಿ. ನಾನೂ ಅಲ್ಲ ಅನ್ಲಿಲ್ಲ."

ಅಷ್ಟರಲ್ಲಿ ನರ್ಸ್ ಬಂದು ಇಲ್ಲೊಂದು, ಅಲ್ಲೊಂದು ಸಹಿ ಮಾಡಿ ಎಂದಳು. ಒಂದು ಕಡೆ ರೋಗಿಯ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದುಬಿಟ್ಟೆ. ಮತ್ತೆ ಹೊಸ ಕಾಗದ ತರಿಸಬೇಕಾಯಿತು.

ಜುಲೈ ೨೬, ಶನಿವಾರ

ಬೆಳಿಗ್ಗೆ ಐದೂವರೆಗೆ ಎಚ್ಚರವಾಯಿತು. ಮಾಡಲು ಏನೂ ಇರಲಿಲ್ಲ. ಅಡುಗೆಮನೆಯಲ್ಲಿ ಸುಮ್ಮನೆ ನಿಂತು ಬಂದೆ.

ಜುಲೈ ೩೦, ಬುಧವಾರ

ಡಾಕ್ಟರ ಹತ್ತಿರ ಹೋಗಿದ್ದೆವು. ನಡೆದದ್ದೆಲ್ಲ ಹೇಳಿದೆ. ಹೇಳುವಾಗ ನನ್ನ ತೂಕದ ಪುಸ್ತಕ ಚೀಲದಲ್ಲೇ ಇತ್ತು, ತೆಗೆಯಲಿಲ್ಲ. ಮೊದಲು ಸೊಪ್ಪೇ ತಿನ್ನದವಳಿಗೆ ದಿನಕ್ಕೊಂದು ಬಟ್ಟಲು ಕೊಟ್ಟದ್ದರಿಂದ ಜೂನ್‌ನಲ್ಲಿ ಸಂಖ್ಯೆ ಇಳಿಯಿತು, ಅದಕ್ಕೆ ಮಾತ್ರೆ ಏರಿಸಿದರು, ಏರಿಸಿದ ಮೇಲೆ ಸೊಪ್ಪು ನಿಂತಿತು. ಅವರು ಇದನ್ನೆಲ್ಲ ಒಂದು ಚೀಟಿಯ ಹಿಂದೆ ಬಾಣ ಎಳೆದು ನನಗೆ ತೋರಿಸಿದರು. ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ. ತೋರಿಸದಿದ್ದರೂ ತಿಳಿಯುತ್ತಿತ್ತು.

ಆಮೇಲೆ ಹಂಸಾಳ ಕಡೆ ತಿರುಗಿ, "ಜೋ ಆಪ್ ಕೋ ಪಸಂದ್ ಹೈ, ವಹೀ ಖಾಯಿಯೇ" ಎಂದರು. ಸೊಪ್ಪೇ ಆಗಬೇಕೆಂದಿಲ್ಲ. ಇಷ್ಟವಾದ ಒಂದೆರಡು ತರಕಾರಿ, ಸ್ವಲ್ಪವೇ ಆದರೂ ದಿನವೂ ತಪ್ಪದೆ ತಿನ್ನುವಂಥದ್ದು ಆರಿಸಿಕೊಳ್ಳಿ, ಮಾತ್ರೆಯನ್ನು ಅದಕ್ಕೆ ನಾನು ಹೊಂದಿಸುತ್ತೇನೆ. ಇಷ್ಟವಿಲ್ಲದ್ದನ್ನು ಯಾರೂ ಬಹಳ ದಿನ ತಿನ್ನುವುದಿಲ್ಲ, ಕದ್ದು ಬಿಡುತ್ತಾರೆ, ಆಗ ಮತ್ತೆ ಇದೇ ಗತಿ. ಅದು ಸ್ಥಿರವಾಗುವ ತನಕ ಮೂರು ದಿನಕ್ಕೊಮ್ಮೆ ರಕ್ತಪರೀಕ್ಷೆ.

ಹಂಸಾ ತಲೆಯಾಡಿಸಿದಳು. ಅವಳ ತೋಳು ಸೂಜಿ ಚುಚ್ಚಿ ಚುಚ್ಚಿ ನೀಲಿಯಾಗಿದೆ.

ಆಗಸ್ಟ್ ೨, ಶನಿವಾರ

ಇದು ಸುಲಭ ಎಂದುಕೊಂಡಿದ್ದೆ. ಕಾಗದ ಪೆನ್ನು ಹಿಡಿದು ಅವಳ ಮುಂದೆ ಕುಳಿತೆ.

"ಹೇಳು, ನಿನಗೆ ಯಾವ ತರಕಾರಿ ಇಷ್ಟ?"

"ಬೆಂಡೆಕಾಯಿ ಬರೀರಿ."

ಬರೆದೆ.

"ಅಲ್ಲ, ಬೆಂಡೆಕಾಯಿ ಪುಟ್ಟಿಗಿಷ್ಟ. ಬದನೆಕಾಯಿ... ಅದು ನಿಮಗೆ. ಪಡವಲಕಾಯಿ ಅತ್ತೆಗೆ."

"ನಿನಗೆ?"

ಅವಳು ಯೋಚಿಸಿದಳು. ಫ್ಯಾನ್ ನೋಡಿದಳು, ನನ್ನ ಕೈಯಲ್ಲಿದ್ದ ಪೆನ್ನು ನೋಡಿದಳು. ನಾನು ಕಾದೆ. ಐದು ನಿಮಿಷವಾದರೂ ಆಗಿರಬೇಕು.

"ಗೊತ್ತಾಗ್ತಿಲ್ಲ ರೀ" ಎಂದಳು. ನಾಚಿಕೊಂಡ ಹಾಗಿತ್ತು. "ನಿಮಗೆಲ್ಲ ಹೊಂದಿಸ್ಕೊಂಡು ಹೊಂದಿಸ್ಕೊಂಡು ಅಭ್ಯಾಸ ಆಗ್ಬಿಟ್ಟಿದೆ. ಯೋಚನೆ ಮಾಡಿ ಹೇಳ್ತೀನಿ, ಆಗ್ಬಹುದಾ?"

ಇದೆಂಥ ಪ್ರಶ್ನೆ, ಐವತ್ತಮೂರು ವರ್ಷದ ಹೆಂಗಸಿಗೆ ತನಗೆ ಏನು ಸೇರುತ್ತದೆ ಎಂದು ಗೊತ್ತಿಲ್ಲವೇ ಎಂದು ರೇಗಬೇಕಾಗಿತ್ತು. ರೇಗಲು ಬರಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟು ಬಾಲ್ಕನಿಗೆ ಹೋದೆ. ಕಣ್ಣು ಉರಿಯುತ್ತಿತ್ತು, ಕೆಳಗೆ ಯಾರೋ ಕಸ ಸುಡುತ್ತಿದ್ದರು. ಅದನ್ನು ಸೊಸೈಟಿಯ ಕಾರ್ಯದರ್ಶಿಗೆ ದೂರು ಕೊಡಬೇಕು.

ಆಗಸ್ಟ್ ೬, ಬುಧವಾರ

ನಿನ್ನೆಗೆ ಶಾಕವ್ರತ ಮುಗಿಯಿತು. ಇಂದಿನಿಂದ ಚಾತುರ್ಮಾಸ್ಯದ ಎರಡನೆಯ ತಿಂಗಳು, ಮೊಸರಿಲ್ಲ. ಒಂದು ಬಿಟ್ಟಿತು ಎಂದರೆ ಇನ್ನೊಂದು.

ಸೋಮವಾರದ ಸಂಖ್ಯೆ ಎರಡು ಪಾಯಿಂಟ್ ಎಂಟು. ಅಂತೂ ಗೆರೆಯೊಳಗೆ ಬಂದಿದೆ. ಆದರೆ ಇಷ್ಟದ ತರಕಾರಿ ಇನ್ನೂ ನಿರ್ಧಾರವಾಗಿಲ್ಲ, ಹಾಗೆ ನಿರ್ಧಾರವಾಗುವ ತನಕ ಈ ಸಂಖ್ಯೆಯನ್ನು ನಂಬುವ ಹಾಗಿಲ್ಲ. ಬೆಳಿಗ್ಗೆ ಗಾಡಿಯವನ ಕೂಗು ಕೇಳಿದೊಡನೆ ಹಂಸಾ ತಾನೇ ಚಪ್ಪಲಿ ಹಾಕಿಕೊಂಡಳು. "ನೋಡಿದ್ರೆ ಗೊತ್ತಾಗ್ಬಹುದು" ಎಂದಳು. ಆಪರೇಷನ್ ಆದಮೇಲೆ ತರಕಾರಿಗೆ ಕೆಳಗಿಳಿದದ್ದು ಇದೇ ಮೊದಲು. ಲಿಫ್ಟಿನಲ್ಲಿ ಅವಳ ತೋಳು ಹಿಡಿದುಕೊಂಡಿದ್ದೆ.

ಗಾಡಿಯ ಮುಂದೆ ನಿಂತಳು. ನಿಂತೇ ನಿಂತಳು. ತೊಂಡೆಕಾಯಿ ಒಂದು ಹಿಡಿ ತೆಗೆದುಕೊಂಡು ನೋಡಿದಳು, ವಾಪಸು ಹಾಕಿದಳು. ಸೋರೆಕಾಯಿಗೆ ಉಗುರು ಒತ್ತಿದಳು. ಹೀರೆಕಾಯಿ ಮೂಸಿದಳು. ಎಂಟೂವರೆಯಾಯಿತು, ಒಂಬತ್ತಾಯಿತು. ಪಕ್ಕದ ಬ್ಲಾಕಿನ ಹೆಂಗಸರು ಬಂದು, ಕೊಂಡು, ಹೋದರು. ಭಯ್ಯಾ ನನ್ನನ್ನು ನೋಡಿ, "ಬಾಬೂಜೀ, ಮಾತಾಜೀ ಕೋ ಲೇನಾ ಕ್ಯಾ ಹೈ?" ಎಂದ, ಇವರಿಗೆ ಬೇಕಾದದ್ದಾದರೂ ಏನು ಎಂದು.

"ವಹೀ ತೋ ದೇಖ್ ರಹೀ ಹೈ" ಎಂದೆ, ಅದನ್ನೇ ಅವಳೂ ನೋಡುತ್ತಿದ್ದಾಳೆ ಎಂದು.

ಅವನು ಗಾಡಿ ತಳ್ಳಲು ಹೊರಟ. ನಾನು ಹಿಡಿಕೆ ಹಿಡಿದು ನಿಲ್ಲಿಸಿದೆ. ಇನ್ನೊಂದು ಕೈಯಲ್ಲಿ ಆಫೀಸಿಗೆ ಫೋನ್ ಮಾಡಿ, ಮಧ್ಯಾಹ್ನದ ಮೇಲೆ ಬರುತ್ತೇನೆ ಎಂದು ಸೆಕ್ಷನ್‌ಗೆ ತಿಳಿಸಿದೆ. ಆಸ್ಪತ್ರೆಗೆ ಹೋಗಬೇಕಾಯಿತೇ ಎಂದು ಅವರು ಗಾಬರಿಯಿಂದ ಕೇಳಿದರು. ಇಲ್ಲ, ತರಕಾರಿ ಕೊಳ್ಳುತ್ತಿದ್ದೇವೆ ಎಂದೆ.

ಕೊನೆಗೆ ಅವಳು ಕಾಲು ಕೆಜಿ ಹೀರೆಕಾಯಿ ಎತ್ತಿಕೊಂಡಳು. ಮೇಲೆ ಬಂದು ನಾನೇ ಹೆಚ್ಚಿದೆ, ಸ್ವಲ್ಪ ಇಂಗು, ಕಾಯಿತುರಿ, ಎರಡು ಸಲ ಉಪ್ಪು ನೋಡಿ ಹಾಕಿದೆ. ಅವಳನ್ನು ಕೂರಿಸಿ ಬಡಿಸಿ, ಎದುರಿಗೆ ನಾನೂ ಕುಳಿತೆ. ಮೊದಲ ತುತ್ತು ನಿಧಾನವಾಗಿ ಅಗಿದಳು. ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ. ಎರಡನೆಯ ತುತ್ತು ತಿಂದು, ತಲೆ ಓರೆ ಮಾಡಿ ಯೋಚಿಸಿ ಹೇಳಿದಳು:

"ಚೆನ್ನಾಗಿದೆ. ಆದ್ರೆ ಇದಲ್ಲ ಅನ್ಸತ್ತೆ ರೀ."

ಒಂದು ಇಡೀ ಬೆಳಗು ಹಾಳಾಯಿತು. ಎರಡು ಕಡತ ನನಗಾಗಿ ಕಾಯುತ್ತ ಬಿದ್ದಿದ್ದವು, ಮೇಲಧಿಕಾರಿಗಳ ಮುಖ ದಪ್ಪಗಿತ್ತು. ನಾಳೆಗೂ ಅರ್ಧ ದಿನದ ರಜೆ ಬರೆದು ಕೊಟ್ಟು ಬಂದಿದ್ದೇನೆ.